ಹಾರ್ಡ್ ಡಿಸ್ಕಿನ ಮರುಮೌಲ್ಯಮಾಪನ

ಚಿಕ್ಕೋಡಿಯ ನೇಮಿನಾಥ ಮಗದುಮ್ಮ ಅವರು ಜಗತ್ತಿನಲ್ಲಿ ಏನನ್ನಾದರೂ ಸಹಿಸಿಯಾರು, ತಪ್ಪು ಫಲಿತಾಂಶವನ್ನು ಮಾತ್ರ ಸಹಿಸುವವರಲ್ಲ. ಮೂವತ್ತನಾಲ್ಕು ವರ್ಷ ಒಂದು ಹೈಸ್ಕೂಲಿನಲ್ಲಿ ಗುಮಾಸ್ತರಾಗಿದ್ದು, ಅಂಕಪಟ್ಟಿಯ ರಜಿಸ್ಟರು ಬರೆದು ಬರೆದು ಬಲಗೈಯ ನಡುಬೆರಳಿಗೆ ಗಂಟು ಬರಿಸಿಕೊಂಡವರು ಅವರು. ಎದುರಿಗೆ ಬಂದವರ ಹೆಸರು ಮರೆತರೂ ಅವರ ಎಸ್ಸೆಸ್ಸೆಲ್ಸಿ ಅಂಕಗಳನ್ನು ಮರೆಯುತ್ತಿರಲಿಲ್ಲ. ಬ್ಯಾಂಕಿನ ಮ್ಯಾನೇಜರು ಅವರ ಪಾಲಿಗೆ ‘ವಿಜ್ಞಾನದಲ್ಲಿ ನಲವತ್ತೊಂದು’. ಕೋರ್ಟಿನ ಎದುರು ದೊಡ್ಡ ಬೋರ್ಡು ಹಾಕಿಕೊಂಡಿದ್ದ ವಕೀಲರು ‘ಎರಡನೆಯ ಪ್ರಯತ್ನ’. ಊರ ಜನ ಅವರನ್ನು ಕಂಡರೆ ನಮಸ್ಕಾರ ಮಾಡಿ ಬೇಗ ಬೇಗ ಮುಂದೆ ಹೋಗುತ್ತಿದ್ದರು. ಅದು ಬರೀ ಗೌರವದಿಂದ ಎಂದು ನೇಮಿನಾಥರು ತಿಳಿದಿದ್ದರು.

ನಿವೃತ್ತರಾದ ಮೇಲೆ ಜೈನ ಸಮಾಜದವರು ಅವರನ್ನು ವಧು-ವರ ಮಾಹಿತಿ ಕೇಂದ್ರದ ಕಾರ್ಯದರ್ಶಿ ಮಾಡಿದರು. ಅದಕ್ಕಿಂತ ಮೊದಲು ಸಮಾಜದ ಎಲ್ಲ ಬಯೋಡಾಟಾಗಳೂ ಅಧ್ಯಕ್ಷ ಆಬಾಸಾಹೇಬರ ಮನೆಯ ಒಂದು ತಗಡಿನ ಪೆಟ್ಟಿಗೆಯಲ್ಲಿದ್ದವು. ಆಬಾಸಾಹೇಬರು ಅಂಕಲಿಯಲ್ಲಿ ಹನ್ನೆರಡು ಎಕರೆ ಕಬ್ಬು ಮಾಡುವ ಮನುಷ್ಯ; ಆ ಪೆಟ್ಟಿಗೆಯ ಮೇಲೆಯೇ ಕೂತು ಊಟ ಮಾಡುತ್ತಿದ್ದರು. ಮದುವೆಯಾಗಿ ಎರಡು ಮಕ್ಕಳಾದವರೂ ಅದರಲ್ಲಿ ಇನ್ನೂ ‘ಕನ್ಯೆ ಬೇಕಾಗಿದೆ’ ಎಂದು ನಗುತ್ತ ಬಿದ್ದಿದ್ದರು. ನೇಮಿನಾಥರು ಆ ಪೆಟ್ಟಿಗೆಯನ್ನು ಖಾಲಿ ಮಾಡಿ, ಸಮಾಜದ ಕಂಪ್ಯೂಟರನ್ನು ತಮ್ಮ ಮನೆಯ ಪಡಸಾಲೆಯಲ್ಲಿ ಇಟ್ಟುಕೊಂಡು, ಮೂರು ವರ್ಷ ಒಂದೊಂದೇ ಬೆರಳಿನಿಂದ ಕುಟ್ಟಿ, ಚಿಕ್ಕೋಡಿ, ನಿಪ್ಪಾಣಿ, ರಾಯಬಾಗ, ಅಥಣಿ, ಕಾಗವಾಡ ಐದೂ ತಾಲೂಕುಗಳ ನಾನೂರಾ ಹನ್ನೆರಡು ಹುಡುಗ ಹುಡುಗಿಯರನ್ನು ಅದರೊಳಗೆ ಸೇರಿಸಿದರು. ಸೇರಿಸಿದ ಮೇಲೆ ಹಳೆಯ ಕಾಗದಗಳನ್ನೆಲ್ಲ ರದ್ದಿಗೆ ಹಾಕಿದರು.

ಅದರಲ್ಲಿ ಐವತ್ತೇಳನೆಯ ನಂಬರು ಅವರ ಸ್ವಂತ ಮಗಳು ಬ್ರಾಹ್ಮಿಯದು. ರಾಯಬಾಗದ ಒಂದು ಕಾಲೇಜಿನಲ್ಲಿ ಗಣಿತದ ಉಪನ್ಯಾಸಕಿ. ಅವಳ ಬಯೋಡಾಟಾವನ್ನು ನೇಮಿನಾಥರು ಒಂದು ಇಡೀ ಮಧ್ಯಾಹ್ನ ಬಾಗಿಲು ಹಾಕಿಕೊಂಡು ಕೂತು ಬರೆದಿದ್ದರು. ಕಾಗವಾಡದ ಅಭಿನಂದನ ಎಂಬ ಹುಡುಗನ ಮನೆಯವರಿಗೆ ಅದು ಮನಸ್ಸಿಗೆ ಬಂದಿತ್ತು. ಸಮಾಜದ ವಧು-ವರರೆಲ್ಲ ಸೇರುವ ಬರುವ ಮೇಳಾವಾದಲ್ಲಿ ಹುಡುಗಿಯನ್ನು ಕಣ್ಣಾರೆ ನೋಡುತ್ತೇವೆ ಎಂದು ಅವರು ಹೇಳಿ ಕಳಿಸಿದ್ದರು. ಮೇಳಾವಾಕ್ಕೆ ಇನ್ನು ಇಪ್ಪತ್ತು ದಿನ ಉಳಿದಿತ್ತು. ಸಮಾಜದ ಮೇಳಾವಾ, ತಮ್ಮ ಮೂರು ವರ್ಷದ ದುಡಿಮೆ, ಮಗಳ ಲಗ್ನ ಇಷ್ಟೂ ಆ ಕಂಪ್ಯೂಟರಿನ ಹೊಟ್ಟೆಯಲ್ಲಿದ್ದ ಒಂದೇ ಒಂದು ಹಾರ್ಡ್ ಡಿಸ್ಕಿನ ಮೇಲೆ ನಿಂತಿದ್ದವು.

ಅಂಥ ಹೊತ್ತಿನಲ್ಲಿ ಆ ಡಿಸ್ಕು ಟಕ್ ಟಕ್ ಎಂದು ಸದ್ದು ಮಾಡತೊಡಗಿತು.

ಬಸ್ ಸ್ಟ್ಯಾಂಡಿನ ಹತ್ತಿರ ಕಂಪ್ಯೂಟರ್ ರಿಪೇರಿಯ ಅಂಗಡಿ ಇಟ್ಟಿದ್ದ ನೀಲಮ ಬಂದು ನೋಡಿದಳು. ಅದೇ ಹೈಸ್ಕೂಲಿನಲ್ಲಿ ಓದಿದವಳು, ನಾಮದೇವ ಪೋಸ್ಟ್‌ಮನ್ನನ ಮಗಳು. ಡಿಸ್ಕಿನ ಆರೋಗ್ಯ ತೋರಿಸುವ ಒಂದು ಸಣ್ಣ ಪ್ರೋಗ್ರಾಮನ್ನು ಹಾಕಿ ಚಾಲೂ ಮಾಡಿದಳು. ತೆರೆಯ ಮೇಲೆ ಒಂದು ಕೋಷ್ಟಕ ಬಂತು. ಅದರ ತಲೆಯ ಮೇಲೆ ಹಳದಿ ಬಣ್ಣದಲ್ಲಿ ‘ಎಚ್ಚರಿಕೆ’ ಎಂಬ ಅರ್ಥದ ಇಂಗ್ಲಿಷ್ ಪದವಿತ್ತು.

ನೇಮಿನಾಥರು ಕನ್ನಡಕ ಏರಿಸಿ ನೋಡಿದರು. ಅವರಿಗೆ ಯಾರೂ ಏನೂ ಹೇಳಿಕೊಡಬೇಕಾಗಲಿಲ್ಲ. ಎಡಕ್ಕೆ ವಿಷಯಗಳ ಹೆಸರು. ಪಕ್ಕದಲ್ಲಿ ಪಡೆದ ಅಂಕ. ಅದರ ಪಕ್ಕದಲ್ಲಿ ಇದುವರೆಗಿನ ಅತಿ ಕಡಿಮೆ ಅಂಕ. ಅದರ ಪಕ್ಕದಲ್ಲಿ ಪಾಸಾಗಲು ಬೇಕಾದ ಕನಿಷ್ಠ ಅಂಕ. ಇದು ಅಂಕಪಟ್ಟಿಯಲ್ಲದೆ ಮತ್ತೇನು? ಬೆರಳಿಟ್ಟು ಸಾಲು ಸಾಲು ಓದಿದರು. ನೂರು, ನೂರು, ನೂರು. ಮೊದಲನೆಯ ವಿಷಯದಲ್ಲಂತೂ ನೂರಾ ಹದಿನೇಳು. ಇಷ್ಟು ಅಂಕ ಪಡೆದ ವಿದ್ಯಾರ್ಥಿಯನ್ನು ಅವರು ತಮ್ಮ ಸೇವೆಯಲ್ಲಿ ಕಂಡಿರಲಿಲ್ಲ. ಕೆಟ್ಟುಹೋದ ಜಾಗಗಳ ಲೆಕ್ಕವೆಂದು ನೀಲಮ ತೋರಿಸಿದ ಸಾಲಿನಲ್ಲಿ ಕೂಡ ಪಾಸಿಗೆ ಬೇಕಾದದ್ದು ಮೂವತ್ತಾರು, ಬಂದದ್ದು ನೂರು. ಹೀಗಿದ್ದೂ ಫಲಿತಾಂಶ ಹಳದಿ. ನೇಮಿನಾಥರ ಮುಖ ಕೆಂಪಾಯಿತು.

ನೀಲಮ ತಾಳ್ಮೆಯಿಂದ ತಿಳಿಸಿ ಹೇಳಿದಳು. ಈ ನೂರು ಎನ್ನುವುದು ಕಂಪನಿಯವರು ಮೊದಲೇ ಕೊಟ್ಟು ಕಳಿಸಿದ್ದು, ಬಹಳ ಕೆಡುವವರೆಗೆ ಅದು ಇಳಿಯುವುದಿಲ್ಲ, ನೋಡಬೇಕಾದದ್ದು ಕೊನೆಯ ಕಾಲಮ್ಮಿನ ಎಣಿಕೆಯನ್ನು. ಮೊದಲ ಸಾಲಿನ ಕೊನೆಯಲ್ಲಿ ಹದಿನಾರು ಕೋಟಿ ಚಿಲ್ಲರೆ ಇತ್ತು. ಕೆಟ್ಟ ಜಾಗಗಳ ಸಾಲಿನ ಕೊನೆಯಲ್ಲಿ ಎಂಟು ಇತ್ತು. ಹದಿನಾರು ಕೋಟಿಗೆ ಅಂಜುವ ಕಾರಣವಿಲ್ಲ, ಈ ಎಂಟಕ್ಕೆ ಅಂಜಬೇಕು ಎಂದಳು.

“ಹದಿನಾರ ಕೋಟಿ ಬಿಡಬೇಕು, ಎಂಟ್ ಹಿಡೀಬೇಕು. ಇದು ಯಾವ ಯುನಿವರ್ಸಿಟಿ ಪದ್ಧತಿ ಬೇ?” ಎಂದರು ನೇಮಿನಾಥರು. “ಗಣಿತದಾಗ ಮೂವತ್ತಾರ ತಗೊಂಡಾಕಿ ನೀ. ನನಗ ಅಂಕಿ ಓದಾಕ ಕಲಸ್ತಿ?”

“ಮೂವತ್ತಾರ ಖರೆ ಐತ್ರಿ ಸರ್,” ಎಂದಳು ನೀಲಮ. “ಆದ್ರ ಇವತ್ತ ಎಂಟ ಜಾಗಾ ಸತ್ತಾವು, ನಾಳಿ ಎಂಬತ್ತ ಸಾಯ್ತಾವ್ರಿ. ಇದರದೊಂದ್ ಕಾಪಿ ತಗದ ಇಡೂನ್ರಿ. ಹತ್ತ ನಿಮಿಷದ ಕೆಲಸ.”

ಕಾಪಿ ಎಂಬ ಮಾತು ಕೇಳಿ ನೇಮಿನಾಥರು ಕುರ್ಚಿಯಿಂದ ಎದ್ದೇ ನಿಂತರು. ಅವರ ಹೈಸ್ಕೂಲಿನಲ್ಲಿ ಒಮ್ಮೆ ಅಂಕಗಳ ರಜಿಸ್ಟರಿಗೆ ಎರಡು ಪ್ರತಿಗಳಾಗಿದ್ದವು. ಒಂದರಲ್ಲಿ ಒಬ್ಬ ಹುಡುಗ ಹಿಂದಿಯಲ್ಲಿ ಪಾಸು, ಇನ್ನೊಂದರಲ್ಲಿ ಫೇಲು. ಇಲಾಖೆಯ ವಿಚಾರಣೆ ನಡೆದು, ಯಾವ ತಪ್ಪೂ ಮಾಡದ ನೇಮಿನಾಥರು ಎಂಟು ತಿಂಗಳು ಸಾಹೇಬರ ಬಾಗಿಲು ಕಾದಿದ್ದರು. ಅಂದಿನಿಂದ ಅವರ ತತ್ವ ಒಂದೇ. ಪ್ರತಿ ಒಂದಿದ್ದರೆ ದಾಖಲೆ, ಎರಡಿದ್ದರೆ ಅವ್ಯವಹಾರ. ನೀಲಮಳನ್ನು ಅವರು ಚಹಾ ಸಹ ಕೊಡದೆ ಕಳಿಸಿದರು. ಹೆಂಡತಿ ರಾಜಮತಿ ಒಳಗಿನಿಂದ ಚಹಾ ತಂದಾಗ ಹುಡುಗಿ ಮೂಲೆ ದಾಟಿಯಾಗಿತ್ತು.

ಮರುದಿನದಿಂದ ನೇಮಿನಾಥರು ಡಿಸ್ಕಿನ ಪರವಾಗಿ ಸೊಂಟ ಕಟ್ಟಿ ನಿಂತರು. ದಿನಾ ಮುಂಜಾನೆ ಬಸದಿಗೆ ಹೋಗಿ ಬಂದು, ಕೋಷ್ಟಕವನ್ನು ತೆಗೆದು, ಒಂದು ಹೊಸ ರಜಿಸ್ಟರಿನಲ್ಲಿ ಬರೆದುಕೊಂಡರು. ಎಂಟು ಇದ್ದದ್ದು ಮೂರನೆಯ ದಿನ ಇಪ್ಪತ್ತನಾಲ್ಕಾಯಿತು, ಐದನೆಯ ದಿನ ನೂರಾ ಮೂವತ್ತಾರಾಯಿತು. ನೀಲಮಳ ಮಾತೇ ಖರೆ ಎಂದಿಟ್ಟುಕೊಂಡು ಆ ಎಂಟನ್ನೇ ಅಂಕವೆಂದು ಹಿಡಿದರೂ ಇದು ಪ್ರಗತಿಯಲ್ಲವೆ? ಐದು ದಿನದಲ್ಲಿ ಹದಿನೇಳು ಪಟ್ಟು ಸುಧಾರಿಸಿದ ವಿದ್ಯಾರ್ಥಿಗೆ ಬೆನ್ನು ತಟ್ಟುವುದು ಬಿಟ್ಟು ಹಳದಿ ಚೀಟಿ ಅಂಟಿಸಿದವರು ಮನುಷ್ಯರೇ? ಹೀಗೆ ಅವರು ಮೊದಲು ಹೆಂಡತಿಯನ್ನು ಕೇಳಿದರು, ಆಮೇಲೆ ಹಾಲಿನವನನ್ನು ಕೇಳಿದರು, ಆಮೇಲೆ ಕಟ್ಟೆಯ ಮೇಲೆ ಕೂತಿದ್ದವರನ್ನೆಲ್ಲ ಕೇಳಿದರು. ಎಲ್ಲರೂ ಅನ್ಯಾಯ ಅನ್ಯಾಯ ಎಂದರು. ಯಾರಿಗೆ ಅನ್ಯಾಯವಾಗಿದೆ ಎಂಬುದು ಹಾಲಿನವನಿಗೆ ಕೊನೆಯವರೆಗೂ ತಿಳಿಯಲಿಲ್ಲ.

ಪಕ್ಕದ ಮನೆಯ ಸಂಭಾಜಿ ನಿವೃತ್ತ ಕಂಪೌಂಡರು. ಯಾವ ಕಾಗದ ಕೈಗೆ ಕೊಟ್ಟರೂ ಅದನ್ನು ರಕ್ತದ ರಿಪೋರ್ಟಿನ ಹಾಗೆ ಬೆಳಕಿಗೆ ಹಿಡಿದು ಓದುವವರು. ಕೋಷ್ಟಕದಲ್ಲಿ ಉಷ್ಣತೆಯ ಸಾಲಿನ ನಲವತ್ತನಾಲ್ಕಕ್ಕೆ ಬಂದು ಅವರ ಬೆರಳು ನಿಂತಿತು. “ಚವ್ವೇಚಾಳೀಸ ತಾಪ ಅಂದ್ರ ಮನಶ್ಯಾ ಉಳ್ಯಾಂಗಿಲ್ಲ ನೇಮಣ್ಣಾ. ಲಗೇಚ ಏನರ ಮಾಡಬೇಕ,” ಎಂದವರೇ ಕಂಪ್ಯೂಟರಿನ ಪೆಟ್ಟಿಗೆಯ ಮೇಲೆ ಅಂಗೈ ಇಟ್ಟು ನೋಡಿದರು. ಒದ್ದೆ ಬಟ್ಟೆ ಹಾಕಬೇಕೆಂದು ಇಬ್ಬರೂ ನಿರ್ಧರಿಸಿದ್ದರು. ರಾಜಮತಿ ಬಂದು ಬಟ್ಟೆಯನ್ನು ಕಸಿದುಕೊಂಡು, ಕರೆಂಟಿನ ಸಾಮಾನಿಗೆ ನೀರು ಹಚ್ಚಿದರೆ ನಿಮ್ಮಿಬ್ಬರ ತಾಪವೂ ಒಮ್ಮೆಲೇ ಇಳಿಯುತ್ತದೆ ಎಂದು ಹೇಳಿ ಹೋದಳು. ಕೊನೆಗೆ ಮನೆಯಲ್ಲಿದ್ದ ಒಂದೇ ಟೇಬಲ್ ಫ್ಯಾನು ಡಿಸ್ಕಿನ ಪಾಲಾಯಿತು. ಆ ಮಟ್ಟಿಗೆ ಸಂಭಾಜಿಯವರ ಚಿಕಿತ್ಸೆ ತಪ್ಪಾಗಿರಲಿಲ್ಲ ಎಂಬುದನ್ನು ಇಲ್ಲಿ ದಾಖಲಿಸಬೇಕು.

ಬ್ರಾಹ್ಮಿ ಒಂದು ಸಂಜೆ ಕಾಲೇಜಿನಿಂದ ಬಂದವಳು ಆ ರಜಿಸ್ಟರನ್ನು ತಿರುವಿ ಹಾಕಿದಳು. ಎಂಟು, ಇಪ್ಪತ್ತನಾಲ್ಕು, ನೂರಾ ಮೂವತ್ತಾರು ಎಂಬುದನ್ನು ಒಂದು ಚೌಕಳಿ ಹಾಳೆಯ ಮೇಲೆ ಗೆರೆ ಎಳೆದು ತೋರಿಸಿ, ಇದೇ ವೇಗದಲ್ಲಿ ಹೋದರೆ ಮೇಳಾವಾದ ಹೊತ್ತಿಗೆ ಡಿಸ್ಕು ಉಳಿಯುವುದಿಲ್ಲ, ನೀಲಮ ಹೇಳಿದ್ದು ಸರಿಯಿದೆ ಎಂದಳು. ಗೆರೆ ಮೇಲಕ್ಕೆ ಏರುತ್ತಿದ್ದದ್ದನ್ನು ನೇಮಿನಾಥರು ಬಹಳ ಮೆಚ್ಚಿದರು. ಆ ಹಾಳೆಯನ್ನು ಗೋಡೆಗೆ ಅಂಟಿಸಿದರು. ಬ್ರಾಹ್ಮಿ ಕೈಕಾಲು ತೊಳೆಯಲು ಹೋದಳು.

ಕಂಪ್ಯೂಟರಿನೊಳಗೆ ತಪ್ಪುಗಳ ಒಂದು ದಿನಚರಿಯೂ ಇರುತ್ತದೆ, ಅದನ್ನಾದರೂ ನೋಡಿರಿ ಎಂದು ನೀಲಮ ಫೋನಿನಲ್ಲಿ ಬೇಡಿಕೊಂಡಳು. ನೋಡಿದರು. ಇಂಥ ದಿನ, ಇಂಥ ಗಂಟೆ, ಡಿಸ್ಕಿನಲ್ಲಿ ಕೆಟ್ಟ ಜಾಗ ಸಿಕ್ಕಿತು ಎಂದು ಒಂದೇ ಒಕ್ಕಣೆಯ ನಲವತ್ತಮೂರು ದೂರುಗಳು ಅಲ್ಲಿದ್ದವು. ನೇಮಿನಾಥರು ಒಂದೊಂದನ್ನೂ ಬಿಡದೆ ಓದಿದರು. ಯಾವ ದೂರಿನ ಕೆಳಗೂ ದೂರು ಕೊಟ್ಟವನ ಸಹಿ ಇರಲಿಲ್ಲ. ಸಹಿಯಿಲ್ಲದ ಅರ್ಜಿಯ ಮೇಲೆ ಕ್ರಮ ಕೈಗೊಳ್ಳಬಾರದು ಎಂಬುದು ಸರ್ಕಾರಿ ಕಚೇರಿಯಲ್ಲಿ ಒಂದು ದಿನ ಕೆಲಸ ಮಾಡಿದವನಿಗೂ ಗೊತ್ತು. ನಲವತ್ತಮೂರನ್ನೂ ಮುದ್ರಿಸಿ, ಪ್ರತಿಯೊಂದರ ಅಂಚಿನಲ್ಲಿ ‘ಮೂಗರ್ಜಿ, ಕಡತಕ್ಕೆ’ ಎಂದು ಬರೆದು, ದಾರ ಪೋಣಿಸಿ ಕಟ್ಟಿಟ್ಟರು. ಎದುರಿಗೆ ಬಂದು ಮಾತಾಡಲು ಧೈರ್ಯವಿಲ್ಲದವರು ಹೀಗೆ ಕತ್ತಲಲ್ಲಿ ಕಲ್ಲು ಒಗೆಯುತ್ತಾರೆ ಎಂದು ಅವರಿಗೆ ಬಹಳ ಬೇಸರವಾಯಿತು.

ಆಮೇಲೆ ಅವರು ಡಿಸ್ಕು ಮಾಡಿದ ಕಂಪನಿಯ ಬೆಳಗಾವಿಯ ಸರ್ವಿಸ್ ಸೆಂಟರಿಗೆ ರಜಿಸ್ಟರ್ಡ್ ಪತ್ರ ಬರೆದರು. ವಿಷಯ: ಮರುಮೌಲ್ಯಮಾಪನ ಕೋರಿ ಅರ್ಜಿ. ‘ಎಲ್ಲ ವಿಷಯಗಳಲ್ಲಿ ನೂರಕ್ಕೆ ನೂರು, ಒಂದರಲ್ಲಿ ನೂರಾ ಹದಿನೇಳು ಪಡೆದ ಸದರಿ ಡಿಸ್ಕನ್ನು ಯಾವ ಆಧಾರದ ಮೇಲೆ ತಡೆಹಿಡಿಯಲಾಗಿದೆ? ಮೌಲ್ಯಮಾಪಕರ ಹೆಸರು, ವಿದ್ಯಾರ್ಹತೆ ತಿಳಿಸತಕ್ಕದ್ದು’ ಎಂದು ಮೂರು ಪುಟ. ಹತ್ತನೆಯ ದಿನ ಅಲ್ಲಿಂದ ಒಬ್ಬ ಅಧಿಕಾರಿಯ ಫೋನು ಬಂತು. ಪತ್ರವನ್ನು ಆಫೀಸಿನ ಎಲ್ಲರಿಗೂ ಓದಿ ತೋರಿಸಿರಬೇಕು, ಹಿಂದೆ ಯಾರೋ ನಕ್ಕ ಸದ್ದು ಕೇಳುತ್ತಿತ್ತು. ಅಧಿಕಾರಿ ಮಾತ್ರ ಬಹಳ ಸಭ್ಯವಾಗಿ, ಡಿಸ್ಕಿನ ಗ್ಯಾರಂಟಿ ಮುಗಿದು ನಾಲ್ಕು ವರ್ಷವಾಗಿದೆ, ಇಂದೇ ಕಾಪಿ ತೆಗೆದಿಡಿರಿ ಎಂದ. ಒಂದು ಸಂಸ್ಥೆಯ ಅಧಿಕಾರಿಯೇ ಅವ್ಯವಹಾರಕ್ಕೆ ಸಲಹೆ ಕೊಟ್ಟದ್ದನ್ನು ಕೇಳಿ ನೇಮಿನಾಥರು ಮಾತಿನ ನಡುವೆಯೇ ಫೋನಿಟ್ಟರು. ಕೋಷ್ಟಕ ತೆಗೆದು ನೋಡಿದರೆ, ಕೆಟ್ಟ ಜಾಗಗಳ ಸಾಲಿನಲ್ಲಿ ಇದುವರೆಗೆ ನೂರಿದ್ದ ಅಂಕ ತೊಂಬತ್ತೆಂಟಕ್ಕೆ ಇಳಿದಿತ್ತು.

ಇದು ಸೇಡಲ್ಲದೆ ಮತ್ತೇನು? ದೂರಿಗೆ ಉತ್ತರ ಬಂದ ದಿನವೇ ಎರಡು ಅಂಕ ಕಡಿತ. ಅವರು ಅಧ್ಯಕ್ಷ ಆಬಾಸಾಹೇಬರಿಗೆ ಫೋನು ಮಾಡಿ, ಬೆಳಗಾವಿಯಲ್ಲಿ ಕೂತು ನಮ್ಮ ಸಮಾಜದ ಡಿಸ್ಕಿನ ಅಂಕ ಇಳಿಸುತ್ತಿದ್ದಾರೆ, ಗ್ರಾಹಕರ ಕೋರ್ಟಿಗೆ ಹೋಗೋಣ ಎಂದರು. ಆಬಾಸಾಹೇಬರು ಆಗ ಕಬ್ಬಿನ ಟ್ರ್ಯಾಕ್ಟರಿನ ಹಿಂದೆ ನಿಂತಿದ್ದರು. ಮೇಳಾವಾದ ದಿನ ಆ ಡಬ್ಬಿಯಲ್ಲಿ ಹುಡುಗ ಹುಡುಗಿಯರ ಮುಖ ಕಾಣಬೇಕು, ಕಾಣದಿದ್ದರೆ ನಿನ್ನ ಮುಖ ನಾನು ನೋಡುವುದಿಲ್ಲ ಎಂದು ಹೇಳಿ ಫೋನಿಟ್ಟರು.

ನೇಮಿನಾಥರು ಡಿಸ್ಕಿನ ತಯಾರಿ ಹೆಚ್ಚಿಸಿದರು. ಆ ಪ್ರೋಗ್ರಾಮಿನಲ್ಲಿ ಡಿಸ್ಕಿಗೆ ತಾನೇ ಪರೀಕ್ಷೆ ಕೊಡಿಸುವ ಒಂದು ಗುಂಡಿ ಇತ್ತು. ದಿನಕ್ಕೆ ಮೂರು ಪರೀಕ್ಷೆ ಮಾಡಿದರು. ಮೂರೂ ಬೇಗನೆ ಮುಗಿದವು. ಫಲಿತಾಂಶದಲ್ಲಿ ಓದುವಾಗ ಏನೋ ತಪ್ಪಾಯಿತೆಂದು ಸಣ್ಣಕ್ಷರದಲ್ಲಿತ್ತು, ಪಕ್ಕದಲ್ಲಿ ತೊಂಬತ್ತು ಪರ್ಸೆಂಟ್ ಎಂದಿತ್ತು. ಓದಿನಲ್ಲಿ ತುಸು ಹಿಂದೆ, ಒಟ್ಟಾರೆ ತೊಂಬತ್ತು, ಡಿಸ್ಟಿಂಕ್ಷನ್ನು. ಅವರು ಕಟ್ಟೆಯವರಿಗೆಲ್ಲ ಪೇಢಾ ಹಂಚಿದರು. ಆ ತೊಂಬತ್ತು, ಪರೀಕ್ಷೆ ನಡುವೆಯೇ ಮುರಿದುಬಿದ್ದು ಇನ್ನೂ ಮಾಡದೆ ಉಳಿದ ಭಾಗ ಎಂದು ಬ್ರಾಹ್ಮಿ ಹೇಳಿದಾಗ ಪೇಢಾದ ಪೆಟ್ಟಿಗೆ ಖಾಲಿಯಾಗಿತ್ತು. ಒಮ್ಮೆ ಹಂಚಿದ ಸಿಹಿಯನ್ನು ವಾಪಸು ಕೇಳುವ ಪದ್ಧತಿ ಇಲ್ಲವಾದ್ದರಿಂದ ನೇಮಿನಾಥರು ಅವಳ ವ್ಯಾಖ್ಯಾನವನ್ನು ತಿರಸ್ಕರಿಸಿದರು.

ಮೇಳಾವಾಕ್ಕೆ ಎರಡು ದಿನ ಮೊದಲು, ಶುಕ್ರವಾರ, ಕಂಪ್ಯೂಟರು ಚಾಲೂ ಆಗಲು ಇಪ್ಪತ್ತು ನಿಮಿಷ ತೆಗೆದುಕೊಂಡಿತು. ರಾಜಮತಿ ಅದನ್ನು ರಿಕ್ಷಾದಲ್ಲಿ ಹಾಕಿಸಿ ನೀಲಮಳ ಅಂಗಡಿಗೆ ಕಳಿಸಿದಳು. ಧೂಳು ಮಾತ್ರ ತೆಗೆಯಬೇಕು, ಬೇರೆ ಯಾವುದಕ್ಕೂ ಕೈ ಹಚ್ಚಬಾರದು ಎಂದು ನೇಮಿನಾಥರು ಬರೆದು ಸಹಿ ಮಾಡಿ ಕೊಟ್ಟರು. ನೀಲಮ ಅದನ್ನು ಓದಿ ಡ್ರಾವರಿನಲ್ಲಿಟ್ಟಳು.

ಭಾನುವಾರ ಸಮಾಜದ ಸಭಾಭವನ ತುಂಬಿ ತುಳುಕಿತು. ಐದು ತಾಲೂಕುಗಳಿಂದ ಜೀಪು, ಕ್ರೂಸರು, ಬಸ್ಸು ಹಿಡಿದು ಮುನ್ನೂರು ಜನ ಬಂದಿದ್ದರು. ಹೆತ್ತವರು ಮುಂದೆ, ಹುಡುಗ ಹುಡುಗಿಯರು ನಡುವೆ, ಬರೀ ಊಟಕ್ಕೆ ಬಂದವರು ಅಡುಗೆಮನೆಯ ಬಾಗಿಲಿನ ಹತ್ತಿರ. ಕಾಗವಾಡದ ಅಭಿನಂದನ ತಾಯಿಯ ಜೊತೆ ಎರಡನೆಯ ಸಾಲಿನಲ್ಲಿದ್ದ. ನೇಮಿನಾಥರು ಇಸ್ತ್ರಿ ಮಾಡಿದ ಬಿಳಿ ಅಂಗಿ ಹಾಕಿಕೊಂಡು, ವೇದಿಕೆಯ ಮೇಲೆ ಕಂಪ್ಯೂಟರಿಗೆ ಕುಂಕುಮ ಹಚ್ಚಿ, ಗುಂಡಿ ಒತ್ತಿದರು.

ಡಿಸ್ಕು ಮೂರು ಸಲ ಟಕ್ ಎಂದಿತು. ದೊಡ್ಡ ಪರದೆಯ ಮೇಲೆ ಕಪ್ಪು ಬಣ್ಣದ ನಡುವೆ ಒಂದೇ ಸಾಲು ಇಂಗ್ಲಿಷು ಬಂತು. ಡಿಸ್ಕು ಸಿಗುತ್ತಿಲ್ಲ ಎಂದು ಅದರ ಅರ್ಥ. ನೇಮಿನಾಥರು ಹನ್ನೊಂದು ಸಲ ಗುಂಡಿ ಒತ್ತಿದರು. ಹನ್ನೆರಡನೆಯ ಸಲ ಟಕ್ ಎನ್ನುವ ಸದ್ದೂ ಬರಲಿಲ್ಲ. ನಾನೂರಾ ಹನ್ನೆರಡು ಜನ ಹಾಗೇ ಇಲ್ಲವಾಗಿದ್ದರು, ಐವತ್ತೇಳನೆಯವಳೂ ಸೇರಿ. ಸಭೆಯಲ್ಲಿ ಗುಜುಗುಜು ಎದ್ದಿತು. ನಮ್ಮ ಹುಡುಗಿಯ ಮೂರು ಫೋಟೋ ಕೊಟ್ಟಿದ್ದೆವು, ಮೂರನ್ನೂ ನುಂಗಿದನೇ ಎಂದು ನಿಪ್ಪಾಣಿಯ ಒಬ್ಬ ಹೆಂಗಸು ಗಟ್ಟಿಯಾಗಿ ಕೇಳಿದಳು. ಆಬಾಸಾಹೇಬರು ಮೈಕು ಹಿಡಿದು, ಈ ಕಾರ್ಯದರ್ಶಿಗಿಂತ ತಗಡಿನ ಪೆಟ್ಟಿಗೆಯೇ ಮೇಲಿತ್ತು ಎಂದು ಎಲ್ಲರೆದುರು ಹೇಳಿಬಿಟ್ಟರು. ನೇಮಿನಾಥರಿಗೆ ಆ ಕ್ಷಣದಲ್ಲಿ ದುಃಖಕ್ಕಿಂತ ಸಿಟ್ಟೇ ಹೆಚ್ಚಾಗಿತ್ತು. ತೊಂಬತ್ತೆಂಟು ಅಂಕ ಇದ್ದವನು ಹೀಗೆ ಒಮ್ಮೆಲೇ ಸಾಯುವುದೆಂದರೇನು?

ಆಗ ನೀಲಮ ಲ್ಯಾಪ್‌ಟಾಪು, ಪ್ರಿಂಟರು ಹೊತ್ತುಕೊಂಡು ವೇದಿಕೆ ಹತ್ತಿದಳು. ರಾಜಮತಿ ಫೋನು ಮಾಡಿ ಕರೆಸಿದ್ದಳು. ಶುಕ್ರವಾರ ಧೂಳು ತೆಗೆಯುವಾಗ ಬಯೋಡಾಟಾಗಳನ್ನೆಲ್ಲ ಕಾಪಿ ಮಾಡಿಕೊಂಡೆ, ಮೂರು ಮಾತ್ರ ಓದಲು ಬರಲಿಲ್ಲ, ನಾನೂರಾ ಒಂಬತ್ತು ಇವೆ ಎಂದಳು. ಸಭೆ ಚಪ್ಪಾಳೆ ತಟ್ಟಿತು. ಆಬಾಸಾಹೇಬರು ಅವಳ ತಲೆಯ ಮೇಲೆ ಕೈ ಇಟ್ಟರು. ನೇಮಿನಾಥರು ಮಾತ್ರ ಲ್ಯಾಪ್‌ಟಾಪಿಗೆ ಅಡ್ಡ ನಿಂತರು. ಲಿಖಿತ ಆದೇಶ ಮೀರಿ ಮಾಡಿದ ದ್ವಿಪ್ರತಿ ಇದು. ಮೂಲ ಪ್ರತಿಯೊಂದಿಗೆ ತಾಳೆ ನೋಡಿ ದೃಢೀಕರಿಸದ ನಕಲನ್ನು ಸಭೆಯಲ್ಲಿ ಓದಲು ತಾವು ಬಿಡುವುದಿಲ್ಲ. ತಾಳೆ ನೋಡೋಣವೆಂದರೆ ಮೂಲ ಪ್ರತಿ ಈಗತಾನೆ ತೀರಿಕೊಂಡಿದೆ. ಆದ್ದರಿಂದ ಮೇಳಾವಾ ಮುಂದೂಡಬೇಕು.

ಆಬಾಸಾಹೇಬರ ತಾಳ್ಮೆ ತೀರಿತು. “ಲೇ ನೇಮಣ್ಣಾ,” ಎಂದು ಮೈಕು ಬಿಟ್ಟು ಒದರಿದರು, “ಮೂಲ ಪ್ರತಿ ಅಂತ ಯಾಕ ಬಡ್ಕೊಳ್ತಿ? ಮೂಲ ಪ್ರತಿ ಎಲ್ಲಾ ಇಲ್ಲೇ ಕುಂತಾವಲ್ಲೋ, ಖುರ್ಚಿ ಮ್ಯಾಲ. ಬೇಕಾದ್ರ ಒಂದೊಂದ ಎಬ್ಬಿಸಿ ತಾಳೆ ನೋಡಕೊ ಹೋಗು.”

ಸಿಟ್ಟಿನಲ್ಲಿ ಆಡಿದ ಮಾತು. ಆದರೆ ಅಧ್ಯಕ್ಷರ ಬಾಯಿಂದ, ತುಂಬಿದ ಸಭೆಯಲ್ಲಿ ಬಂದದ್ದು. ನೇಮಿನಾಥರು ಅದನ್ನು ಆದೇಶವೆಂದು ಸ್ವೀಕರಿಸಿದರು. ನೀಲಮಳಿಂದ ನಕಲುಗಳನ್ನು ಮುದ್ರಿಸಿಕೊಂಡರು, ಒಂದು ರಜಿಸ್ಟರಿಗೆ ಗೆರೆ ಎಳೆದರು. ನಕಲಿನಲ್ಲಿ ಇದ್ದದ್ದು, ಮೂಲದಲ್ಲಿ ಕಂಡದ್ದು, ತಪ್ಪಿಗೆ ಕಾರಣ, ರುಜು. ಕೆಂಪು ಪೆನ್ನು ತೆಗೆದರು. ಮದುವೆ ಕುಪ್ಪಸದ ಅಳತೆಗೆಂದು ಬಂದಿದ್ದ ತಾರವ್ವ ಎಂಬ ಟೇಲರ್ ಹೆಂಗಸಿನಿಂದ ಅಳತೆ ಟೇಪು ಇಸಿದುಕೊಂಡರು. ಹಾಜರಿದ್ದವರನ್ನು ಕ್ರಮಾಂಕದಂತೆ ಒಬ್ಬೊಬ್ಬರನ್ನಾಗಿ ಕರೆದರು.

ಮೊದಲು ಬಂದವನು ನಿಪ್ಪಾಣಿಯ ಶ್ರೇಣಿಕ. ನಕಲಿನಲ್ಲಿ ಎತ್ತರ ಐದು ಅಡಿ ಎಂಟು ಇಂಚು. ಟೇಪು ಐದೂವರೆಗೆ ನಿಂತಿತು. ಬೂಟು ಬಿಚ್ಚಿಸಿದ ಮೇಲೆ ಇನ್ನೂ ಒಂದು ಇಂಚು ಹೋಯಿತು. ನೇಮಿನಾಥರು ಮೈಕಿನಲ್ಲೇ ಗುಡುಗಿದರು: ಇದನ್ನು ಬರೆದವರು ಯಾರು? ಶ್ರೇಣಿಕನ ತಾಯಿ, ಅವನು ಚಳಿಗಾಲದಲ್ಲಿ ತುಸು ಕುಗ್ಗುತ್ತಾನೆ ಎಂದಳು. ಕಾರಣದ ಕಾಲಮ್ಮಿನಲ್ಲಿ ನೇಮಿನಾಥರು ‘ಪಾಲಕರ ಸುಳ್ಳು’ ಎಂದು ಬರೆದು ರುಜು ಹಾಕಿದರು. ಮುಂದೆ ರಾಯಬಾಗದ ಸುಧೀರ. ಸ್ವಂತ ಉದ್ಯೋಗ ಎಂದಿತ್ತು. ಯಾವ ಉದ್ಯೋಗ ಎಂದು ಕೇಳಿದರೆ, ಸೋದರಮಾವನ ಗೊಬ್ಬರದ ಅಂಗಡಿಯಲ್ಲಿ ಮಾವ ಊಟಕ್ಕೆ ಹೋದಾಗ ಕೂರುತ್ತೇನೆ ಎಂದ. ಯಾರು ಬರೆದವರು? ಅಪ್ಪ. ‘ಪಾಲಕರ ಸುಳ್ಳು’. ಅಥಣಿಯ ಮನಿಷಾಳ ಹವ್ಯಾಸಗಳಲ್ಲಿ ಅಡುಗೆ, ಹೆಣಿಗೆ, ಭಜನೆ ಎಂದಿತ್ತು. ಮೂರೂ ನನಗೆ ಬರುವುದಿಲ್ಲ, ನಾನು ಕ್ರಿಕೆಟ್ ನೋಡುತ್ತೇನೆ ಎಂದು ಆ ಹುಡುಗಿ ನೇರ ಹೇಳಿದಳು. ಹುಡುಗರ ಸಾಲಿನಲ್ಲಿ ಮೂವರು ಒಮ್ಮೆಲೇ ನೆಟ್ಟಗೆ ಕೂತರು. ಅವಳ ಅಜ್ಜಿ ಸೆರಗಿನಿಂದ ಮುಖ ಮುಚ್ಚಿಕೊಂಡಳು. ‘ಪಾಲಕರ ಸುಳ್ಳು’.

ಡಿಸ್ಕಿನಲ್ಲಿ ಸಿಗದಿದ್ದ ತಪ್ಪುಗಳು ಇಲ್ಲಿ ಹೆಜ್ಜೆ ಹೆಜ್ಜೆಗೂ ಸಿಕ್ಕವು. ನಕಲುಗಳಲ್ಲಿ ಒಂದಕ್ಷರ ಆಚೀಚೆ ಆಗಿರಲಿಲ್ಲ, ಕೆಟ್ಟಿದ್ದೆಲ್ಲ ಮೂಲದಲ್ಲೇ ಇತ್ತು. ಇಪ್ಪತ್ತೆರಡು ಜನ ಬಂದು ಹೋಗುವಷ್ಟರಲ್ಲಿ ಅರ್ಧ ಸಭೆ ಕೆಂಡವಾಗಿತ್ತು, ಉಳಿದರ್ಧ ಹೊಟ್ಟೆ ಹಿಡಿದುಕೊಂಡು ನಗುತ್ತಿತ್ತು. ಇದೇನು ಮೇಳಾವಾವೋ ಪೊಲೀಸ್ ಠಾಣೆಯೋ ಎಂದು ಕೆಲವರು ಎದ್ದು ನಿಂತರು, ಆದರೆ ಮುಂದಿನವರ ತಪ್ಪು ನೋಡುವ ಆಸೆಗೆ ಮತ್ತೆ ಕೂತರು. ನೇಮಿನಾಥರ ಸಿಟ್ಟು ಏರುತ್ತಲೇ ಇತ್ತು. ಮೂರು ವರ್ಷ ತಾವು ಒಂದೊಂದೇ ಬೆರಳಿನಿಂದ ಕುಟ್ಟಿದ್ದು ಈ ಸುಳ್ಳುಗಳನ್ನೇ? ಸಮಾಜಕ್ಕೆ ಮೋಸ, ದಾಖಲೆಗೆ ಮೋಸ, ಕಾರ್ಯದರ್ಶಿಗೆ ಮೋಸ ಎಂದು ಅವರು ಮೈಕು ಅದುರುವಂತೆ ಹೇಳಿದರು.

ಐವತ್ತೇಳನೆಯ ಹಾಳೆ ಬಂದಾಗ ಅವರು ಅದನ್ನು ತಿರುವಿ ಕೆಳಗಿಟ್ಟು, ಇದನ್ನು ತಾವೇ ಖುದ್ದಾಗಿ ಬರೆದದ್ದು, ತಾಳೆ ನೋಡುವ ಅಗತ್ಯವಿಲ್ಲ ಎಂದರು. ಸಭೆ ಒಪ್ಪಲಿಲ್ಲ. ಶ್ರೇಣಿಕನ ತಾಯಿಯಂತೂ ವೇದಿಕೆಯ ಹತ್ತಿರಕ್ಕೇ ಬಂದಳು. ಬ್ರಾಹ್ಮಿ ಯಾರೂ ಕರೆಯುವ ಮೊದಲೇ ಎದ್ದು ಬಂದು ತಂದೆಯ ಮುಂದೆ ನಿಂತಳು.

ನೇಮಿನಾಥರು ಓದಿದರು. ಹೆಸರು ಸರಿ. ಎಂಎಸ್ಸಿ ಗಣಿತ, ಸರಿ. ಎತ್ತರವನ್ನು ತಾರವ್ವ ಅಳೆದಳು, ಸರಿ. ಹುಟ್ಟಿದ ದಿನಾಂಕವನ್ನು ಅವರು ಬಹಳ ಬೇಗ ಓದಿ ಮುಂದಿನ ಸಾಲಿಗೆ ಹೋಗುವುದರಲ್ಲಿದ್ದರು.

“ತೊಂಬತ್ತೇಳ ಅಲ್ರಿ ಅಪ್ಪಾ,” ಎಂದಳು ಬ್ರಾಹ್ಮಿ. “ತೊಂಬತ್ನಾಕು. ನನಗೀಗ ಮೂವತ್ತೊಂದು.”

ಬೆಳಗಿನಿಂದ ಇಪ್ಪತ್ತೆರಡು ಸಲ ಕೇಳಿದ ನಾಲಿಗೆ ತಡೆಯಲಿಲ್ಲ. “ಯಾರ ಬರದಾರ ಇದನ್ನ?” ಎಂದು ನೇಮಿನಾಥರು ಗುಡುಗಿದರು.

ಮೈಕಿನಲ್ಲಿ ಆ ಪ್ರಶ್ನೆ ಸಭಾಭವನದ ಮೂಲೆ ಮೂಲೆಗೂ ಹೋಯಿತು. ಯಾರೂ ನಗಲಿಲ್ಲ. ಬ್ರಾಹ್ಮಿ ತಂದೆಯ ಮುಖವನ್ನೇ ನೋಡುತ್ತ ನಿಂತಳು. ಅವಳಿಗೆ ಸಿಟ್ಟು ಬಂದಂತೆ ಕಾಣಲಿಲ್ಲ. ಎರಡನೆಯ ಸಾಲಿನಲ್ಲಿ ಅಭಿನಂದನನ ತಾಯಿ ಎದ್ದು ನಿಂತು ಮಗನ ತೋಳು ಹಿಡಿದಳು. ಅಭಿನಂದನ ಏಳಲಿಲ್ಲ. ಕೂತಲ್ಲೇ ಗಂಟಲು ಸರಿಮಾಡಿಕೊಂಡು, “ನನ್ನ ಹಾಳಿನೂ ತಗೀರಿ ಸರ್. ನಂದರಾಗೂ ನಾಕ್ ವರ್ಷ ತಿದ್ದೂದೈತಿ,” ಎಂದ. ತಾಯಿ ನಿಂತಲ್ಲಿಯೇ ಕೂತಳು.

ನೇಮಿನಾಥರು ಕೆಂಪು ಪೆನ್ನಿನಿಂದ ತೊಂಬತ್ತೇಳನ್ನು ಹೊಡೆದುಹಾಕಿ ತೊಂಬತ್ತನಾಲ್ಕು ಎಂದು ಬರೆದರು. ಆಮೇಲೆ ರಜಿಸ್ಟರಿನ ಕಾರಣದ ಕಾಲಮ್ಮಿಗೆ ಬಂದು ‘ಪಾಲಕರ’ ಎಂದು ಬರೆದರು. ಪೆನ್ನು ಅಲ್ಲೇ ನಿಂತಿತು. ಮೂವತ್ತನಾಲ್ಕು ವರ್ಷದ ಸೇವೆಯಲ್ಲಿ ಅವರ ಪೆನ್ನು ಒಂದು ಕಾಲಮ್ಮಿನ ನಡುವೆ ಹೀಗೆ ನಿಂತದ್ದನ್ನು ಯಾರೂ ನೋಡಿರಲಿಲ್ಲ. ನೇಮಿನಾಥರು ಕನ್ನಡಕ ತೆಗೆದು ಒರೆಸಿಕೊಂಡು, ಮತ್ತೆ ಹಾಕಿಕೊಂಡು, ‘ಭಯ’ ಎಂದು ಬರೆದರು.

ರುಜು ಹಾಕಿದ ಮೇಲೆ ಅವರು ಮುಂದಿನವರನ್ನು ಕರೆಯಲಿಲ್ಲ. ರಜಿಸ್ಟರನ್ನು ಮೊದಲ ಪುಟಕ್ಕೆ ತಿರುವಿ, ಶ್ರೇಣಿಕನ ಸಾಲಿನಲ್ಲಿ ‘ಸುಳ್ಳು’ ಎಂಬುದನ್ನು ಹೊಡೆದುಹಾಕಿ, ಅದರ ಮೇಲೆ ‘ಭಯ’ ಎಂದು ಬರೆದು, ತಿದ್ದಿದ್ದಕ್ಕೆ ಪಕ್ಕದಲ್ಲಿ ಪೂರ್ತಿ ರುಜು ಹಾಕಿದರು. ಸುಧೀರನ ಸಾಲಿನಲ್ಲಿ ತಿದ್ದಿದರು. ಮನಿಷಾಳ ಸಾಲಿನಲ್ಲಿ ತಿದ್ದಿದರು. ಹೀಗೆ ಇಪ್ಪತ್ತೆರಡನ್ನೂ ಒಂದೂ ಬಿಡದೆ ತಿದ್ದುವವರೆಗೆ ಮುನ್ನೂರು ಜನ ಊಟಕ್ಕೆ ಏಳದೆ ಕಾದು ಕೂತಿದ್ದರು.